ಕಂಪ್ಯೂಟರ್ ಕೇಳಿತು, ರೋಗಿ ಹೇಳಿದ

"ನೋವು ಯಾವಾಗ ಶುರುವಾಯಿತು? ಮೊದಲು ಎಲ್ಲಿತ್ತು, ಈಗ ಎಲ್ಲಿದೆ? ವಾಂತಿ ಆಯಿತೆ? ಹಿಂದೆ ಎಂದಾದರೂ ಹೀಗಾಗಿತ್ತೆ?"

ಹೊಟ್ಟೆನೋವೆಂದು ವೈದ್ಯರ ಬಳಿ ಹೋದ ಯಾರಿಗೂ ಈ ಪ್ರಶ್ನೆಗಳು ಹೊಸವಲ್ಲ. ಇದೇನು, ಔಷಧಿ ಕೊಡುವುದು ಬಿಟ್ಟು ಪರೀಕ್ಷೆಯಲ್ಲಿ ಕೇಳಿದ ಹಾಗೆ ಕೇಳುತ್ತಾರಲ್ಲ ಎಂದು ಕೆಲವರಿಗೆ ಬೇಸರವೂ ಆಗುತ್ತದೆ. ಆದರೆ ಸ್ಟೆತಾಸ್ಕೋಪ್ ಕಿವಿಗೇರುವ ಮೊದಲು ನಡೆಯುವ ಈ ಮಾತುಕತೆಯಲ್ಲೇ ರೋಗನಿದಾನದ ಬಹುಭಾಗ ಮುಗಿದಿರುತ್ತದೆ. ವೈದ್ಯರು ಇದನ್ನು ಕೇಸ್ ಹಿಸ್ಟರಿ ಎನ್ನುತ್ತಾರೆ. ಕನ್ನಡದಲ್ಲಿ ರೋಗಚರಿತ್ರೆ ಎನ್ನಬಹುದು.

ಬಹುಭಾಗ ಎಂದರೆ ಎಷ್ಟು? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕೆಲವು ವೈದ್ಯರು ಇದನ್ನು ಎಣಿಸಿಯೇ ನೋಡಿ 1975ರಲ್ಲಿ ಪ್ರಕಟಿಸಿದರು. ಹೊಸದಾಗಿ ಬಂದ 80 ಹೊರರೋಗಿಗಳ ವಿಷಯದಲ್ಲಿ, ಪರಿಚಯ ಪತ್ರ ಓದಿ ರೋಗಿಯ ಮಾತು ಕೇಳಿದ ಕೂಡಲೇ ಇದು ಇಂಥ ರೋಗವಿರಬೇಕು ಎಂದು ಬರೆದಿಟ್ಟರು. ಆಮೇಲೆ ಮೈ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ, ಎಕ್ಸ್-ರೇ ಎಲ್ಲ ಮಾಡಿಸಿದರು. ಕೊನೆಗೆ ತೀರ್ಮಾನವಾದ ರೋಗದೊಂದಿಗೆ ಹೋಲಿಸಿದಾಗ, 80ರಲ್ಲಿ 66 ಮಂದಿಯಲ್ಲಿ ಮೊದಲ ಊಹೆಯೇ ನಿಜವಾಗಿತ್ತು. ಮೈ ಪರೀಕ್ಷೆಯಿಂದ ಅಭಿಪ್ರಾಯ ಬದಲಾದದ್ದು 7 ಮಂದಿಯಲ್ಲಿ, ಪ್ರಯೋಗಾಲಯದಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ.

ಇಷ್ಟು ಬೆಲೆಯುಳ್ಳ ಮಾತುಕತೆಗೆ ಸಿಗುವ ಸಮಯ ಮಾತ್ರ ತೀರ ಕಡಿಮೆ. 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳನ್ನು ಧ್ವನಿಮುದ್ರಿಸಿ ನೋಡಿದಾಗ, ರೋಗಿ ತನ್ನ ಕಷ್ಟ ಹೇಳಲು ಬಾಯಿ ತೆರೆದು ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಮಾತು ಹಾಕಿದ್ದರು. ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸಿದವರು 17 ಮಂದಿ ಮಾತ್ರ. ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಹತ್ತು ಜನ ಕಾದಿರುತ್ತಾರೆ. ರೋಗಿಯೂ ಸಂಕೋಚದಿಂದ ಅರ್ಧ ನುಂಗುತ್ತಾನೆ. ಹೈಸ್ಕೂಲು ಹುಡುಗ ಹುಡುಗಿಯರಾದರಂತೂ ಪಕ್ಕದಲ್ಲಿ ನಿಂತ ತಾಯಿ ತಂದೆಯರೇ ಎಲ್ಲಕ್ಕೂ ಉತ್ತರ ಕೊಟ್ಟುಬಿಡುತ್ತಾರೆ. "ರಾತ್ರಿ ನಿದ್ದೆ ಬರುತ್ತದೇನಪ್ಪಾ?" ಎಂದು ವೈದ್ಯರು ಮಗನನ್ನು ಕೇಳಿದರೆ "ಚೆನ್ನಾಗಿ ಮಲಗುತ್ತಾನೆ ಡಾಕ್ಟ್ರೇ" ಎನ್ನುವುದು ಅಮ್ಮ. ಮಲಗುವುದು ಬೇರೆ, ನಿದ್ದೆ ಬರುವುದು ಬೇರೆ ಎಂಬುದು ಹುಡುಗನಿಗೆ ಮಾತ್ರ ಗೊತ್ತು.

ಅವಸರವಿಲ್ಲದ, ಬೇಸರವಿಲ್ಲದ, ಮುಖ ಕಿವಿಚದ ಯಾರಾದರೂ ಈ ಪ್ರಶ್ನೆಗಳನ್ನು ಮೊದಲೇ ಕೇಳಿಟ್ಟರೆ ಹೇಗೆ? ಈ ಯೋಚನೆ ಕಾಗದದಿಂದಲೇ ಶುರುವಾಯಿತು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಶಾಲೆಯವರು 1949ರಲ್ಲಿ 195 ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿದ್ದರು. ಕಾಯುವ ಹೊತ್ತಿನಲ್ಲಿ ರೋಗಿ ಹೌದು, ಇಲ್ಲ ಎಂದು ಗುರುತು ಹಾಕಿದರಾಯಿತು. ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಕಾಗದಕ್ಕೆ ಕಿವಿಯಿಲ್ಲ. ಕೆಮ್ಮು ಇಲ್ಲ ಎಂದವನಿಗೂ ಕಫದ ಬಗ್ಗೆ ಅದೇ ಪ್ರಶ್ನೆ, ಕೆಮ್ಮು ಇದೆ ಎಂದವನಿಗೂ ಅದೇ ಪ್ರಶ್ನೆ.

ಕಿವಿಯುಳ್ಳ ಪಟ್ಟಿಯನ್ನು ಮಾಡಲು ಹೊರಟವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಾರ್ನರ್ ಸ್ಲ್ಯಾಕ್. ಅವರು ಓದಿದ್ದು ನರರೋಗ ಶಾಸ್ತ್ರ. 1960ರ ದಶಕದ ನಡುವೆ ಮ್ಯಾಡಿಸನ್ ನಗರದ ಅವರ ವಿಶ್ವವಿದ್ಯಾಲಯದಲ್ಲಿ 'ಲಿಂಕ್' ಎಂಬ ಕಂಪ್ಯೂಟರ್ ಇತ್ತು. ವೆಸ್ಲಿ ಕ್ಲಾರ್ಕ್ ಮತ್ತು ಚಾರ್ಲ್ಸ್ ಮೊಲ್ನಾರ್ ಎಂಬ ಎಂಜಿನಿಯರುಗಳು 1962ರಲ್ಲಿ ಪ್ರಯೋಗಾಲಯಗಳಿಗೆಂದೇ ರೂಪಿಸಿದ ಯಂತ್ರ ಅದು. ಆ ಕಾಲದ ಉಳಿದ ಕಂಪ್ಯೂಟರುಗಳು ಇಡೀ ಕೋಣೆ ತುಂಬುತ್ತಿದ್ದವು; ಅವುಗಳ ಹತ್ತಿರ ಸುಳಿಯಲು ಆಪರೇಟರನ ಅಪ್ಪಣೆ ಬೇಕಿತ್ತು. ಲಿಂಕ್ ಹಾಗಲ್ಲ. ಅದಕ್ಕೆ ಚಿಕ್ಕ ಪರದೆ, ಕೀಲಿಮಣೆ, ಎರಡು ಪುಟ್ಟ ಟೇಪು ಸುರುಳಿಗಳಿದ್ದವು. ಒಬ್ಬ ಮನುಷ್ಯ ಎದುರು ಕೂತು ತಾನೇ ನಡೆಸಬಹುದಿತ್ತು.

ಅದರ ನೆನಪಿನ ಶಕ್ತಿ ಎಷ್ಟೆಂದು ಕೇಳಿದರೆ ಇಂದಿನ ವಿದ್ಯಾರ್ಥಿಗಳು ನಗಬಹುದು. ತಲಾ 12 ಬಿಟ್‌ಗಳ 2,048 ಪದಗಳು. ಗುಣಿಸಿ ಎಂಟರಿಂದ ಭಾಗಿಸಿದರೆ ಸರಿಯಾಗಿ 3,072 ಬೈಟ್. ಇಂದಿನ ಮೊಬೈಲಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಎಂದರೆ ಈ ಲೇಖನದ ಒಂದೆರಡು ಪ್ಯಾರಾ ಹಿಡಿಸುವಷ್ಟರಲ್ಲಿ ಲಿಂಕ್ ತುಂಬಿಹೋಗುತ್ತಿತ್ತು! ಪ್ರಶ್ನೆಗಳನ್ನೆಲ್ಲ ಟೇಪಿನಲ್ಲಿಟ್ಟು, ಬೇಕಾದಾಗ ಬೇಕಾದಷ್ಟನ್ನು ಒಳಗೆ ಎಳೆದುಕೊಳ್ಳುವುದೇ ದಾರಿಯಾಗಿತ್ತು.

ಸ್ಲ್ಯಾಕ್ ಮತ್ತು ಅವರ ಸಂಗಡಿಗರು ಮೊದಲು ಆರಿಸಿಕೊಂಡದ್ದು ಅಲರ್ಜಿಯ ಕಾಯಿಲೆಗಳನ್ನು. ಯೋಚಿಸಿದರೆ ಇದು ಜಾಣತನದ ಆಯ್ಕೆ. ಅಲರ್ಜಿಯ ಗುಟ್ಟು ಇರುವುದು ರೋಗಿಯ ದಿನಚರಿಯಲ್ಲಿ: ಏನು ತಿಂದ, ಯಾವ ಧೂಳಿಗೆ ಮೂಗೊಡ್ಡಿದ, ಮನೆಯಲ್ಲಿ ಬೆಕ್ಕಿದೆಯೇ ನಾಯಿಯಿದೆಯೇ, ಯಾವ ಮಾತ್ರೆ ನುಂಗಿದ. ಪ್ರಶ್ನೆ ಹೆಚ್ಚು ಕೇಳಿದಷ್ಟೂ ಲಾಭ. ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಮೂಡುತ್ತಿತ್ತು, ರೋಗಿ ಒಂದು ಕೀಲಿ ಒತ್ತಿ ಉತ್ತರಿಸುತ್ತಿದ್ದ. ಉತ್ತರ 'ಹೌದು' ಎಂದಾದರೆ ಪ್ರಶ್ನೆಗಳ ಒಂದು ಕವಲು ತೆರೆದುಕೊಳ್ಳುತ್ತಿತ್ತು, 'ಇಲ್ಲ' ಎಂದರೆ ಆ ಕವಲನ್ನು ದಾಟಿ ಮುಂದಕ್ಕೆ. ಎಲ್ಲ ಮುಗಿದ ಮೇಲೆ ವೈದ್ಯರು ಓದಲೆಂದು ಯಂತ್ರವೇ ಸಾರಾಂಶವನ್ನು ಅಚ್ಚುಹಾಕಿ ಕೊಡುತ್ತಿತ್ತು. ಈ ಕೆಲಸದ ವರದಿ 1966ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು.

ಆ ಕೀಲಿಗಳ ವಿಷಯ ಸ್ವಲ್ಪ ಹೇಳಲೇಬೇಕು. ಕಾಗದದ ಪಟ್ಟಿಯಲ್ಲಿದ್ದದ್ದು ಹೌದು, ಇಲ್ಲ ಎಂಬ ಎರಡೇ. ಸ್ಲ್ಯಾಕ್ ಇನ್ನೆರಡು ಸೇರಿಸಿದರು: 'ಗೊತ್ತಿಲ್ಲ' ಮತ್ತು 'ಅರ್ಥವಾಗಲಿಲ್ಲ'. ಮೂರನೆಯದೂ ನಾಲ್ಕನೆಯದೂ ಒಂದೇ ಅಲ್ಲ. ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದರೆ ಗೊತ್ತಿಲ್ಲದಿರಬಹುದು, ಪ್ರಶ್ನೆ ಮಾತ್ರ ಅರ್ಥವಾಗಿರುತ್ತದೆ. ನಾಲ್ಕನೆಯ ಕೀಲಿ ಒತ್ತಿದರೆ ಯಂತ್ರ ಅದೇ ಪ್ರಶ್ನೆಯನ್ನು ಬಿಡಿಸಿ ಸರಳವಾಗಿ ಕೇಳುತ್ತಿತ್ತು. ಎದುರಿಗೆ ಬಿಳಿ ಕೋಟಿನ ವೈದ್ಯರು ಕುಳಿತು "ಪಾಲ್ಪಿಟೇಶನ್ ಆಗುತ್ತದೆಯೆ?" ಎಂದರೆ "ಹಾಗೆಂದರೇನು ಸಾರ್?" ಎನ್ನಲು ಎಷ್ಟು ಜನಕ್ಕೆ ಧೈರ್ಯ? ತರಗತಿಯಲ್ಲಿ ಮೇಷ್ಟ್ರು "ಅರ್ಥವಾಯಿತೆ?" ಎಂದಾಗ ಐವತ್ತು ತಲೆಗಳು ಒಟ್ಟಿಗೆ ಆಡುವ ಹಾಗೆಯೇ ಇದು. ಯಂತ್ರದ ಮುಂದೆ ಆ ನಾಚಿಕೆ ಇಲ್ಲ.

ಈ ನಾಚಿಕೆಯಿಲ್ಲದಿರುವುದು ಮುಂದೆ ಬೇರೊಂದು ರೀತಿಯಲ್ಲಿ ಕಾಣಿಸಿಕೊಂಡಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮದ್ಯದಿಂದ ಕಾಯಿಲೆ ಬಿದ್ದವರನ್ನು ಮನೋವೈದ್ಯರೂ ಪ್ರಶ್ನಿಸಿದರು, ಕಂಪ್ಯೂಟರೂ ಪ್ರಶ್ನಿಸಿತು. ಎಷ್ಟು ಕುಡಿಯುತ್ತೀರಿ ಎಂಬುದಕ್ಕೆ ಅದೇ ಜನ ಕಂಪ್ಯೂಟರಿಗೆ ಹೇಳಿದ ಲೆಕ್ಕ, ಮನೋವೈದ್ಯರಿಗೆ ಹೇಳಿದ್ದಕ್ಕಿಂತ ಗಣನೀಯವಾಗಿ ಹೆಚ್ಚಿತ್ತು. ಇದು ಪ್ರಕಟವಾದದ್ದು 1977ರಲ್ಲಿ. 1998ರಲ್ಲಿ ಅಮೆರಿಕದ ಇನ್ನೊಂದು ವರದಿ ಬಂತು. ಅದನ್ನು ತಂದೆತಾಯಿಗಳು ಗಮನಿಸಬೇಕು. 15ರಿಂದ 19 ವರ್ಷದ ಹುಡುಗರಲ್ಲಿ ಕೆಲವರಿಗೆ ಕಾಗದದ ಪಟ್ಟಿ ಕೊಟ್ಟರು. ಉಳಿದವರು ಕಿವಿಗೆ ಹೆಡ್‌ಫೋನ್ ಹಾಕಿ ಪ್ರಶ್ನೆ ಕೇಳಿಸಿಕೊಂಡು ಕಂಪ್ಯೂಟರಿನ ಕೀಲಿ ಒತ್ತಿದರು. ಮಾದಕ ವಸ್ತು, ಹೊಡೆದಾಟ ಮೊದಲಾದ ಸಂಗತಿಗಳನ್ನು ಒಪ್ಪಿಕೊಂಡವರ ಪ್ರಮಾಣ ಕಂಪ್ಯೂಟರಿನ ಮುಂದೆ ಕುಳಿತವರಲ್ಲಿ ಹೆಚ್ಚು. ಮನುಷ್ಯನಿಗೆ ಹೇಳದ್ದನ್ನು ಯಂತ್ರಕ್ಕೆ ಹೇಳುತ್ತಾರೆ ಎಂಬುದು ಸಂತೋಷದ ವಿಷಯವೇನಲ್ಲ. ಆದರೆ ರೋಗ ಹಿಡಿಯಬೇಕಾದ ವೈದ್ಯರಿಗೆ ನಿಜ ಯಾವ ದಾರಿಯಿಂದ ಬಂದರೂ ಬೇಕು.

ಇದರ ಇನ್ನೊಂದು ಮಗ್ಗುಲೂ 1966ರಲ್ಲೇ ಕಾಣಿಸಿತ್ತು. ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ ಆ ವರ್ಷ 'ಎಲೈಜಾ' ಎಂಬ ಪ್ರೋಗ್ರಾಂ ಪ್ರಕಟಿಸಿದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವುದರ ಹೊರತು ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಆದರೂ ಅದರೊಡನೆ ಮಾತಿಗೆ ಕುಳಿತ ಅವರ ಕಾರ್ಯದರ್ಶಿ, ತುಸು ಹೊತ್ತಿನಲ್ಲೇ ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರಂತೆ. ಯಂತ್ರದ ಎದುರು ಮನಸ್ಸು ಬಿಚ್ಚುವವರಿಗೆ ಅದು ಅರ್ಥಮಾಡಿಕೊಂಡು ಕೇಳುತ್ತಿದೆಯೇ ಎಂಬುದು ಬೇಕಿರಲಿಲ್ಲ. ವೈಜೆನ್‌ಬಾಮ್ ಇದರಿಂದ ಗಾಬರಿಗೊಂಡು ಮುಂದೆ ಜೀವಮಾನವೆಲ್ಲ ಎಚ್ಚರಿಕೆ ಹೇಳುತ್ತಲೇ ಇದ್ದರು.

ಕೇಳುವುದೇನೋ ಆಯಿತು. ಕೇಳಿದ್ದರಿಂದ ರೋಗ ಯಾವುದೆಂದು ಹೇಳುವುದು ಹೇಗೆ? ಇಲ್ಲಿ ಕಥೆ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋಗುತ್ತದೆ. ಅಲ್ಲಿನ ಶಸ್ತ್ರವೈದ್ಯ ತಿಮೋತಿ ಡಿ ಡೊಂಬಾಲ್ ಹಿಡಿದದ್ದು ತಟ್ಟನೆ ಕಾಣಿಸಿಕೊಳ್ಳುವ ತೀವ್ರ ಹೊಟ್ಟೆನೋವನ್ನು. ಅಪೆಂಡಿಸೈಟಿಸ್ ಆಗಿದ್ದರೆ ತಡಮಾಡುವ ಹಾಗಿಲ್ಲ. ಒಡೆದರೆ ಪ್ರಾಣಕ್ಕೇ ಸಂಚಕಾರ. ಹಾಗೆಂದು ಎಲ್ಲರ ಹೊಟ್ಟೆ ಕೊಯ್ದರೆ, ಒಳಗೆ ಏನೂ ಇಲ್ಲದವರಿಗೂ ಕತ್ತಿ ತಾಗುತ್ತದೆ. ರಾತ್ರಿ ಪಾಳಿಯ ಕಿರಿಯ ವೈದ್ಯ ಇವೆರಡರ ನಡುವೆ ನಿರ್ಧರಿಸಬೇಕು. ಲೀಡ್ಸ್‌ನಲ್ಲಿ ಕೀಲಿ ಒತ್ತಿದ್ದು ರೋಗಿಯಲ್ಲ. ವೈದ್ಯರು ಕೇಳಿ, ಮುಟ್ಟಿ ನೋಡಿ ಒಂದು ನಮೂನೆ ತುಂಬುತ್ತಿದ್ದರು. ಅದು ಕಂಪ್ಯೂಟರಿಗೆ ಹೋಗುತ್ತಿತ್ತು. ಕಂಪ್ಯೂಟರ್ ಬಳಸಿದ್ದು ದ್ವಿತೀಯ ಪಿಯುಸಿ ಗಣಿತದ ಸಂಭವನೀಯತೆ ಅಧ್ಯಾಯದಲ್ಲಿ ಬರುವ ಬೇಯ್ಸ್ ಪ್ರಮೇಯವನ್ನು. ಪರೀಕ್ಷೆಯ ಅಂಕಕ್ಕೆಂದು ಮಾತ್ರ ಅದನ್ನು ಕಲಿಯುವವರಿಗಾಗಿ ಒಂದು ಲೆಕ್ಕ ಇಲ್ಲಿದೆ. ಅಂಕಿಗಳು ಕಲ್ಪಿತ.

ಒಂದು ಆಸ್ಪತ್ರೆಗೆ ತೀವ್ರ ಹೊಟ್ಟೆನೋವಿನ 1,000 ಜನ ಬಂದರೆನ್ನಿ. ಅವರಲ್ಲಿ 250 ಜನಕ್ಕೆ ಅಪೆಂಡಿಸೈಟಿಸ್, 750 ಜನಕ್ಕೆ ಬೇರೇನೋ. ನೋವು ಹೊಕ್ಕುಳ ಬಳಿ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಸರಿಯಿತೇ ಎಂಬುದು ಪ್ರಶ್ನೆ. ಅಪೆಂಡಿಸೈಟಿಸ್‌ನವರಲ್ಲಿ ನೂರಕ್ಕೆ 60 ಮಂದಿ, ಉಳಿದವರಲ್ಲಿ ನೂರಕ್ಕೆ 10 ಮಂದಿ ಹೌದು ಎನ್ನುತ್ತಾರೆ. ಅಲ್ಲಿಗೆ 150 ಮತ್ತು 75, ಒಟ್ಟು 225 ಹೌದುಗಳು. ಹೌದು ಎಂದ ರೋಗಿಗೆ ಅಪೆಂಡಿಸೈಟಿಸ್ ಇರುವ ಸಂಭವ 225ರಲ್ಲಿ 150, ಮೂರರಲ್ಲಿ ಎರಡು ಪಾಲು. ಕೇಳುವ ಮೊದಲು ಅದು ನಾಲ್ಕರಲ್ಲಿ ಒಂದು ಪಾಲಾಗಿತ್ತು. ಹೀಗೆ ಒಂದೊಂದು ಉತ್ತರವೂ ತಕ್ಕಡಿಯನ್ನು ಅತ್ತಲೋ ಇತ್ತಲೋ ವಾಲಿಸುತ್ತ ಹೋಗುತ್ತದೆ.

ಈ ಲೆಕ್ಕವನ್ನು ಬೇರೊಂದು ಊರಿಗೆ ಒಯ್ಯಿರಿ. ಅಲ್ಲಿ 1,000ದಲ್ಲಿ ಅಪೆಂಡಿಸೈಟಿಸ್ 100 ಜನಕ್ಕೆ ಮಾತ್ರ. ಅದೇ ಪ್ರಶ್ನೆ, ಅದೇ ಶೇಕಡಾವಾರು. ಹೌದು ಎನ್ನುವವರು 60 ಮತ್ತು 90. ಈಗ ಸಂಭವ 150ರಲ್ಲಿ 60, ಅರ್ಧಕ್ಕಿಂತ ಕಡಿಮೆ! ರೋಗಿ ಹೇಳಿದ್ದು ಅದೇ ಮಾತು, ತೀರ್ಪು ಮಾತ್ರ ಬೇರೆ.

ಡಿ ಡೊಂಬಾಲ್ ತಂಡದ ಫಲಿತಾಂಶ 1972ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟವಾಯಿತು. 304 ರೋಗಿಗಳಲ್ಲಿ ಕಂಪ್ಯೂಟರಿನ ನಿದಾನ ಶೇ. 91.8ರಷ್ಟು ಸರಿ, ಅವರನ್ನು ನೋಡಿದ ಅತ್ಯಂತ ಹಿರಿಯ ವೈದ್ಯರದು ಶೇ. 79.6. ಯಂತ್ರ ಮನುಷ್ಯನನ್ನು ಸೋಲಿಸಿತು ಎಂದು ಚಪ್ಪಾಳೆ ತಟ್ಟುವವರು ಇಲ್ಲಿಗೇ ನಿಲ್ಲುತ್ತಾರೆ. ಮುಂದಿನದು ಇನ್ನೂ ಸ್ವಾರಸ್ಯವಾಗಿದೆ. ಹಿಂದಿನ ರೋಗಿಗಳ ನಿಜವಾದ ದಾಖಲೆಯಿಂದ ಬಂದ ಅಂಕಿಗಳ ಬದಲು, ಅನುಭವಿ ವೈದ್ಯರು ಅಂದಾಜಿನಿಂದ ಹೇಳಿದ ಅಂಕಿಗಳನ್ನು ಅದೇ ಕಂಪ್ಯೂಟರಿಗೆ ಊಡಿಸಿದಾಗ ಅದರ ಜಾಣತನ ಇಳಿದುಹೋಯಿತು. ಇನ್ನು ಈ ವ್ಯವಸ್ಥೆಯನ್ನು ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಒಯ್ದು ನೋಡಿದಾಗ ಲೀಡ್ಸ್‌ನ ಯಶಸ್ಸು ಸಿಗಲಿಲ್ಲ. ಊರು ಬೇರೆ, ರೋಗಿಗಳು ಬೇರೆ, ಪ್ರಶ್ನೆಯನ್ನು ಕೇಳುವ ಬಗೆಯೂ ಬೇರೆ.

ಲೀಡ್ಸ್‌ನಲ್ಲಿಯೇ ಇನ್ನೊಂದು ವಿಚಿತ್ರ ನಡೆಯಿತು. ಪ್ರಯೋಗ ನಡೆಯುತ್ತಿದ್ದಷ್ಟು ಕಾಲ ವೈದ್ಯರ ಸ್ವಂತ ನಿದಾನವೂ ಸುಧಾರಿಸಿತು, ವ್ಯರ್ಥ ಶಸ್ತ್ರಚಿಕಿತ್ಸೆಗಳು ಕಡಿಮೆಯಾದವು. ಪ್ರಯೋಗ ನಿಂತ ಮೇಲೆ ಮತ್ತೆ ಹಳೆಯ ಸ್ಥಿತಿಗೇ ಇಳಿಯಿತು! ಹಾಗಾದರೆ ಉಪಕಾರ ಮಾಡಿದ್ದು ಕಂಪ್ಯೂಟರೋ, ಅಥವಾ ಒಂದನ್ನೂ ಬಿಡದೆ ಎಲ್ಲ ಪ್ರಶ್ನೆ ಕೇಳಿಯೇ ತುಂಬಬೇಕಾಗಿದ್ದ ಆ ನಮೂನೆಯೋ? ಬ್ರಿಟನ್ನಿನ 8 ಆಸ್ಪತ್ರೆಗಳಲ್ಲಿ 16,737 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ವರದಿ 1986ರಲ್ಲಿ ಬಂತು. ವೈದ್ಯರ ಮೊದಲ ನಿದಾನ ಸರಿಯಾಗುವ ಪ್ರಮಾಣ ಸುಮಾರು ಶೇ. 46ರಿಂದ 65ಕ್ಕೆ ಏರಿತ್ತು. ಹೊಟ್ಟೆ ಕೊಯ್ದು ಏನೂ ಕಾಣದೆ ಹೊಲಿಯುವ ಪ್ರಸಂಗಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಆ ಸುಧಾರಣೆಯಲ್ಲಿ ಗಣಿತದ ಪಾಲೆಷ್ಟು, ಕ್ರಮವಾಗಿ ಕೇಳಿದ್ದರ ಪಾಲೆಷ್ಟು ಎಂದು ತಜ್ಞರು ಬಹಳ ಕಾಲ ವಾದಿಸಿದರು. ಕ್ರಮವಾಗಿ ಕೇಳಿದ್ದರ ಪಾಲೇನೂ ಸಣ್ಣದಿರಲಾರದು.

ಇಷ್ಟೆಲ್ಲ ಆಗಿಯೂ ರೋಗಚರಿತ್ರೆ ಕೇಳುವ ಯಂತ್ರಗಳು ಆಸ್ಪತ್ರೆಗಳಲ್ಲಿ ಮನೆಮಾತಾಗಲಿಲ್ಲ. ಕಂಪ್ಯೂಟರಿನ ಬೆಲೆ ಒಂದು ಅಡ್ಡಿ. ಯಂತ್ರ ಅಚ್ಚುಹಾಕಿ ಕೊಡುತ್ತಿದ್ದ ಉದ್ದನೆಯ ಹೌದುಗಳ ಪಟ್ಟಿ ಇನ್ನೊಂದು. ನೂರು ಪ್ರಶ್ನೆ ಕೇಳಿದರೆ ಆರೋಗ್ಯವಂತನಲ್ಲೂ ಹತ್ತು ಹದಿನೈದು ದೂರು ಸಿಗುತ್ತವೆ. ಅವುಗಳಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ವೈದ್ಯರೇ ಆರಿಸಬೇಕು. ಸ್ಲ್ಯಾಕ್ ಮಾತ್ರ ಬಿಡಲಿಲ್ಲ. ಬಾಸ್ಟನ್ನಿಗೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅದೇ ಕೆಲಸ ಮುಂದುವರಿಸಿದರು. 1997ರಲ್ಲಿ 'ಸೈಬರ್‌ಮೆಡಿಸಿನ್' ಎಂಬ ಪುಸ್ತಕ ಬರೆದರು. ಚಿಕಿತ್ಸೆಯಲ್ಲಿ ಅತಿ ಕಡಿಮೆ ಬಳಕೆಯಾಗುವ ಸಂಪತ್ತೆಂದರೆ ರೋಗಿಯೇ ಎಂಬುದು ಅವರ ನಿಲುವು. ಅವರು 2018ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಕಂಪ್ಯೂಟರ್ ಎಲ್ಲರ ಜೇಬಿಗೆ ಬಂದಿತ್ತು. ಲಕ್ಷಣ ಹೇಳಿದರೆ ರೋಗ ಹೇಳುವ 23 ಸಾಧನಗಳನ್ನು 45 ಮಾದರಿ ರೋಗಿಗಳ ವಿವರ ಕೊಟ್ಟು ಪರೀಕ್ಷಿಸಿದ ವರದಿ 2015ರಲ್ಲಿ ಬಂತು. ಸರಿಯಾದ ರೋಗವನ್ನು ಪಟ್ಟಿಯ ಮೊದಲಲ್ಲೇ ಹೇಳಿದ್ದು ಶೇ. 34 ಸಲ ಮಾತ್ರ. ಮೊಬೈಲಿನಲ್ಲಿ ತಲೆನೋವೆಂದು ಹುಡುಕಿ ಮೆದುಳಿನ ಗಡ್ಡೆಯವರೆಗೆ ಹೋಗಿ ರಾತ್ರಿಯೆಲ್ಲ ನಿದ್ದೆಗೆಡುವ ಮಕ್ಕಳು, ದೊಡ್ಡವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬಹುದು.

ಗೂಗಲ್ ಸಂಸ್ಥೆಯವರ 'ಅಮಿ' ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯ ಸುದ್ದಿ 2024ರಲ್ಲಿ ಹೊರಬಿತ್ತು. ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಕೀಲಿಗಳ ಕವಲಲ್ಲ. ರೋಗಿ ತನ್ನ ಮಾತಿನಲ್ಲೇ ಬರೆದದ್ದಕ್ಕೆ ಮರುಪ್ರಶ್ನೆ ಹಾಕುತ್ತದೆ. ಕೆನಡಾ, ಬ್ರಿಟನ್ ಮತ್ತು ಭಾರತದಿಂದ ಪಡೆದ ರೋಗಸನ್ನಿವೇಶಗಳನ್ನು ತರಬೇತಾದ ಪಾತ್ರಧಾರಿಗಳು ಅಭಿನಯಿಸಿದರು. ಎದುರಿಗಿದ್ದುದು ಒಮ್ಮೆ ಅಮಿ, ಒಮ್ಮೆ 20 ವೈದ್ಯರಲ್ಲಿ ಒಬ್ಬರು. ನಿದಾನದಲ್ಲಿಯೂ ಸೌಜನ್ಯದಲ್ಲಿಯೂ ಅಮಿಗೇ ಹೆಚ್ಚು ಅಂಕ ಬಂತು. ಆದರೆ ಮಾತುಕತೆಯೆಲ್ಲ ನಡೆದದ್ದು ಟೈಪು ಮಾಡಿದ ಸಂದೇಶಗಳಲ್ಲಿ. ವೈದ್ಯರಿಗೆ ರೋಗಿಯ ಮುಖವಿಲ್ಲ, ದನಿಯಿಲ್ಲ, ಮುಟ್ಟಲು ಹೊಟ್ಟೆಯಿಲ್ಲ. ರೋಗಿಗಳೂ ನಿಜವಾದ ರೋಗಿಗಳಲ್ಲ. ಈ ಮಿತಿಗಳನ್ನು ಸಂಶೋಧಕರೂ ಒಪ್ಪಿಕೊಂಡಿದ್ದಾರೆ.

ಇಂಥ ಯಂತ್ರ ಕನ್ನಡದಲ್ಲಿ ಕೇಳಬೇಕಾದರೆ ಇನ್ನೊಂದು ಕೆಲಸ ಬಾಕಿಯಿದೆ. ಹಳ್ಳಿಯ ಅಜ್ಜಿ "ಮೈಗೆ ಉಷ್ಣ ಆಗಿದೆ" ಎಂದರೆ ಅದು ಜ್ವರವಲ್ಲ. ಬಾಯಿ ಹುಣ್ಣಿರಬಹುದು, ಉರಿಮೂತ್ರವಿರಬಹುದು, ಬೇಧಿಯಿರಬಹುದು. 'ಎದೆ ಉರಿ'ಯನ್ನೂ 'ಎದೆ ನೋವ'ನ್ನೂ ಕೆಲವರು ಬೇರೆ ಮಾಡುವುದಿಲ್ಲ. 'ಸುಸ್ತು' ಎಂಬ ಒಂದೇ ಪದದೊಳಗೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಮನಸ್ಸಿನ ಬೇಗೆ ಎಲ್ಲ ಅಡಗಿರಬಹುದು. ಇಂಗ್ಲಿಷಿನ ಪಟ್ಟಿಯನ್ನು ಭಾಷಾಂತರಿಸಿದರೆ ಇದು ಸಿಗುವುದಿಲ್ಲ. ಲೀಡ್ಸ್‌ನವರು ಮಾಡಿದ ಹಾಗೆ ಯಾರಾದರೂ ರೋಗಿಗಳ ಪಕ್ಕದಲ್ಲಿ ಕೂತು, ಉಷ್ಣ ಎಂದವರಲ್ಲಿ ಎಷ್ಟು ಜನಕ್ಕೆ ಕೊನೆಗೆ ಏನು ರೋಗ ಕಂಡಿತು ಎಂದು ಒಂದೊಂದಾಗಿ ಎಣಿಸಿ ಬರೆದಿಡಬೇಕು. ಆ ಎಣಿಕೆಯನ್ನು ಶಿವಮೊಗ್ಗದಲ್ಲಿ ಮಾಡಿದರೆ ಕಲಬುರಗಿಗೆ ಇನ್ನೊಮ್ಮೆ ಮಾಡಬೇಕಾಗುತ್ತದೆ.